ಚಾಪೆಯ ಮೇಲೆ ಕೂತವಳು

ನಮ್ಮ ಅಪ್ಪ ಹತ್ತಿ ಹಿಂಜುವವನು. ಆದವಾನಿಯಲ್ಲಿ ಎಷ್ಟು ಜಿನ್ನಿಂಗ್ ಮಿಲ್ಲುಗಳು ಬಂದರೂ ಗಾದಿಗೆ, ತಲೆದಿಂಬಿಗೆ, ಬಾಣಂತಿಯ ಹಾಸಿಗೆಗೆ ಜನ ಪಿಂಜಾರರನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೋಟೆಗುಡ್ಡದ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ಮುಂದಿನ ಅಂಕಣದಲ್ಲಿ ತೊಲೆಯಿಂದ ಇಳಿಬಿಟ್ಟ ಹಿಂಜುವ ಬಿಲ್ಲು. ಅದರ ನರದ ದಾರ ಮಿಡಿಯುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ ಎಂದು ಬರೆಯಲು ಹೊರಟೆ. ಆದರೆ ಕಿವಿಯಲ್ಲಿರುವುದು ಅಪ್ಪನ ಬಿಲ್ಲಿನ ಸದ್ದೋ, ಆಮೇಲೆ ರಾಯಚೂರಿನ ಯಾವುದೋ ಬೀದಿಯಲ್ಲಿ ಕೇಳಿದ ಇನ್ನೊಬ್ಬನ ಬಿಲ್ಲಿನದೋ, ಹೇಳಲಾರೆ. ಇಂಥ ಜಾಗಗಳು ಮುಂದೆಯೂ ಬರುತ್ತವೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ನಾವು ಮುಸಲ್ಮಾನರು. ಮನೆಮಾತು ಮಾತ್ರ ಉರ್ದುವಲ್ಲ, ಕನ್ನಡ. ಪೇಟೆಗೆ ಹೋದರೆ ತೆಲುಗು. ದೊಡ್ಡ ಮಸೀದಿಯ ಸುತ್ತಲಿನ ಉರ್ದು ಮನೆಗಳವರು ಅಪ್ಪನನ್ನು ತಡೆದು, "ಏನಪಾ ಪಿಂಜಾರ, ನಿಮ್ಮ ಮನಿಯಾಗ ನಮಾಜು ಕನ್ನಡದಾಗೋ, ತೆಲುಗಿನಾಗೋ?" ಎಂದು ಕೇಳುತ್ತಿದ್ದರಂತೆ. ಅಪ್ಪ ನಕ್ಕು ಬರುತ್ತಿದ್ದ. ಆದರೆ ಅದು ನಾಟಿತ್ತು. ಮದುವೆಯಾಗಿ ಇಬ್ಬರು ಮಕ್ಕಳಾದ ಮೇಲೆ ಅವನು ಒಬ್ಬ ಮುದಿ ಮೌಲ್ವಿಯ ಹತ್ತಿರ ಅರಬ್ಬಿ ಕಲಿಯಲು ಹೋಗತೊಡಗಿದ. ಕೆಲಸ ಮುಗಿಸಿ, ಗಡ್ಡದಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡೇ ಹೋಗುವನು. ವರ್ಷಗಟ್ಟಲೆ ಹೋದ. ಕುರಾನನ್ನು ಬಾಯಿಪಾಠ ಒಪ್ಪಿಸುವವರು ಓಣಿಗೊಬ್ಬರಿದ್ದರು. ಒಂದೊಂದು ಪದವನ್ನೂ ಬಿಡಿಸಿ ಹೇಳಬಲ್ಲ ಪಿಂಜಾರ ನಮ್ಮ ಕಡೆ ಅವನೊಬ್ಬನೇ.

ಕಲಿತ ಮೇಲೆ ಮನೆಯನ್ನು ತಿದ್ದಿದ. ನಮ್ಮ ಹೆಂಗಸರು ಅಲ್ಲಿಯವರೆಗೆ ನೆರೆಯವರಂತೆಯೇ ತಿಂಗಳ ಆ ದಿನಗಳಲ್ಲಿ ಹಿತ್ತಲ ಛಪ್ಪರದಲ್ಲಿ ಬೇರೆ ಕೂರುತ್ತಿದ್ದರು, ಬೇರೆ ತಾಟಿನಲ್ಲಿ ಉಣ್ಣುತ್ತಿದ್ದರು. "ಇದು ನಮ್ಮ ದೀನಿನಾಗ, ಧರ್ಮದಾಗ ಇಲ್ಲ. ಹೆಂಗಸಿನ ಕೈ ಯಾವತ್ತೂ ಮೈಲಿಗಿ ಅಲ್ಲ. ಆ ದಿನ ನಮಾಜು ಮಾಡಂಗಿಲ್ಲ, ಅಷ್ಟೇ," ಎಂದು ಅಪ್ಪ ಅದನ್ನು ಬಿಡಿಸಿದ. ಛಪ್ಪರದಲ್ಲಿ ಆಡು ಕಟ್ಟಿದರು. ನಡುಮನೆಯಲ್ಲಿ ಹೆಂಗಸರ ನಮಾಜಿಗೆಂದು ಈಚಲ ಚಾಪೆ ಬಂತು. ಹಿತ್ತಲಿನಿಂದ ಅವ್ವನನ್ನು ಒಳಗೆ ಕರೆತಂದದ್ದು ಅಪ್ಪ ಮಾಡಿದ ಒಳ್ಳೆಯ ಕೆಲಸವೆಂದು ನಾನು ಆಗಲೂ ಅಂದುಕೊಂಡಿದ್ದೆ, ಈಗಲೂ ಅಂದುಕೊಳ್ಳುತ್ತೇನೆ.

ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ, ಪದವಿ ಹಿಡಿದುಕೊಂಡು, ಕೆಲಸವಿಲ್ಲದೆ ನಾನು ಮನೆಗೆ ಬಂದದ್ದು ನಮ್ಮ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದ ಕಾಲದಲ್ಲಿ. ಕನ್ನಡದಲ್ಲಿ ಓದಿದವನಿಗೆ ಇಲ್ಲಿ ಇನ್ನೇನು ಕೆಲಸ ಎಂದು ಜನ ಕೇಳುತ್ತಿದ್ದರು. ಒಂದು ಕಡೆ ಕೂರಲಾಗದೆ ಬೆಳಿಗ್ಗೆಯೆಲ್ಲ ಗುಡ್ಡ ಹತ್ತಿ ಇಳಿಯುವುದು, ಸಂಜೆ ಅಪ್ಪನ ಜತೆ ವಾದಕ್ಕೆ ಕೂರುವುದು. ನನಗೆ ದೇವರಲ್ಲಿ ನಂಬಿಕೆ ಉಳಿದಿಲ್ಲವೆಂದು ಅಪ್ಪನಿಗೆ ನಾನು ಹೇಳಿರಲಿಲ್ಲ. ಅವನಿಗೆ ಗೊತ್ತಿತ್ತು.

"ಐನ್ ಅಂದ್ರ ಕಣ್ಣು," ಅಪ್ಪ ಹೇಳುವನು. "ನೀರಿನ ಬುಗ್ಗಿಗೂ ಐನ್ ಅಂತಾರ. ಕುರಾನಿನಾಗ ಎರಡೂ ಬರತಾವ. ಹಿಂದ ಮುಂದ ನೋಡಿ ತಿಳಕೋಬೇಕು."

"ಹಿಂದ ಮುಂದ ನೋಡಿದ್ರೂ ತಿಳೀಲಿಲ್ಲಂದ್ರ?"

"ತಿಳದವರನ್ನ ಕೇಳಬೇಕು."

"ತಿಳದವರೇ ಜಗಳಾಡಿದ್ರ?"

"ಮೈಸೂರಿನ್ಯಾಗ ಇದನ್ನ ಕಲಿಸಿದ್ರೇನು ನಿನಗ, ಬರೇ ಕೇಳೋದು?" ಎಂದು ನಗುವನು.

ಜಗಳವಾದದ್ದನ್ನೂ ಅವನೇ ಹೇಳುತ್ತಿದ್ದ. ಹೆಂಗಸನ್ನು ಮುಟ್ಟಿದರೆ ನಮಾಜಿಗೆ ಮುಂಚೆ ಮತ್ತೆ ಶುದ್ಧಿಯಾಗಬೇಕು ಎಂಬಲ್ಲಿ, ಮುಟ್ಟುವುದೆಂದರೆ ಬರೀ ಕೈ ತಗಲುವುದು ಎಂದು ಕೆಲವು ಪಂಡಿತರು, ಗಂಡಹೆಂಡಿರ ಕೂಟ ಎಂದು ಕೆಲವರು. ನಮ್ಮ ಕಡೆಯವರು ಹಿಡಿದದ್ದು ಎರಡನೆಯದನ್ನು. "ಇಲ್ಲಾಂದ್ರ ನಿಮ್ಮವ್ವ ಚಂಬು ಕೊಟ್ಟಾಗೆಲ್ಲ ನಾ ಮತ್ತ ಕೈಕಾಲು ತೊಳೀಬೇಕಾಗಿತ್ತು," ಎಂದ ಅಪ್ಪ.

"ತೊಳ್ಕೊಳ್ರಿ," ಅವ್ವ ಅಡಿಗೆಮನೆಯಿಂದಲೇ ಅಂದಳು. "ಗಡ್ಡದಾಗಿನ ಹತ್ತಿಯಾದ್ರೂ ಹೋದೀತು."

ದೇವರಿಗೆ ಒಂದೇ ಅರ್ಥದ ಪದ ಸಿಗಲಿಲ್ಲವೇ ಎಂದು ನಾನು ಕೆಣಕಿದರೆ, ಒಂದು ಹಿಡಿ ಗಂಟುಹತ್ತಿ ಎತ್ತಿ ಬೆರಳಲ್ಲಿ ಬಿಡಿಸುತ್ತ, "ಇದು ಇಷ್ಟೇ ಇತ್ತು. ಈಗ ನೋಡು ಎಷ್ಟಾತು. ಎಲ್ಲಾ ಅದರಾಗೇ ಇತ್ತಲ್ಲ," ಅನ್ನುವನು. ನನಗೆ ಆಮೇಲೆ ಹೊಳೆದ ಉತ್ತರಗಳನ್ನು ಆಗಲೇ ಹೇಳಿದ್ದೆನೆಂದು ನಂಬಿಕೊಂಡೂ ಇದ್ದೇನೆ.

ನನ್ನ ಅಕ್ಕನನ್ನು ಕೋಸಗಿಗೆ ಕೊಟ್ಟಿತ್ತು. ಭಾವನ ಮನೆಯವರೂ ಪಿಂಜಾರರೇ. ಸುಗ್ಗಿ ಮುಗಿಯುತ್ತಲೇ ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿ ಗಾದಿ ಹಿಂಜುವವರು. ಅವನು ಹಾಗೆ ಹೋಗಿದ್ದಾಗ ಅಕ್ಕ ಅತ್ತೆಯ ಜತೆ ಮಾತು ಬೆಳೆಸಿಕೊಂಡು, ಯಾರನ್ನೂ ಕೇಳದೆ ನಮ್ಮ ಮನೆಗೆ ಬಂದುಬಿಟ್ಟಳು. ತಿರುಗಾಟದಿಂದ ಬಂದ ಭಾವ ತನ್ನ ಮನೆಯಲ್ಲಿ ಆಕೆಯನ್ನು ಕಾಣದೆ ನೇರ ರೈಲು ಹತ್ತಿ ಬಂದ. ಮೈಮೇಲೆ ಇನ್ನೂ ಊರೂರಿನ ಹತ್ತಿ ಇತ್ತು. ನಮ್ಮ ಹೊಸ್ತಿಲಲ್ಲಿ ನಿಂತು, ಓಣಿಯ ಇಬ್ಬರು ಕೇಳುವಂತೆ, ತಲಾಕ್ ಎಂಬ ಮಾತನ್ನು ಒಂದು ಸಲ ಅಂದ. ಅಂದವನೇ, ಕೈಯಿಂದ ಏನೋ ಜಾರಿ ಬಿದ್ದವನ ಹಾಗೆ ನೆಲ ನೋಡಿದ. ಆಮೇಲೆ ತಿರುಗಿ ಹೋದ.

ಅವ್ವ ಎದೆ ಬಡಿದುಕೊಂಡಳು. ಓಣಿಯವರೆಲ್ಲ ಮದುವೆ ಮುರಿಯಿತೆಂದೇ ತಿಳಿದರು. ಅಪ್ಪ ಒಬ್ಬನೇ, "ಮುರದಿಲ್ಲ," ಎಂದ. ಒಂದೇ ಸಲ ಅಂದದ್ದರಿಂದ ದಾರಿ ಉಳಿದಿದೆ; ಹೆಂಗಸು ಕಾಯುವ ಅವಧಿ ಒಂದಿದೆ; ಅದು ಮುಗಿಯುವುದರೊಳಗೆ ಗಂಡ ಮನಸ್ಸು ತಿರುಗಿಸಿ 'ಮರಳಿ ತಗೊಂಡೆ' ಅಂದರೆ ಸಾಕು, ಮತ್ತೆ ಮದುವೆ ಬೇಡ. ಈ ಮಾತನ್ನು ಅಪ್ಪ ಕೋಸಗಿಗೂ ಹೇಳಿ ಕಳಿಸಿದ. ಅಕ್ಕ ಅದನ್ನು ಬಾಗಿಲ ಹಿಂದೆ ನಿಂತು ಕೇಳಿದಳು. ಅವತ್ತಿನಿಂದ ರಾಯಚೂರು ಕಡೆಯಿಂದ ಕೋಸಗಿ ಹಾದು ಗಾಡಿ ಬರುವ ಹೊತ್ತಿಗೆ ಆಕೆ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಓಣಿಯಲ್ಲಿ ಯಾರ ಹೆಜ್ಜೆಯೂ ತಿರುಗದಿದ್ದರೆ ಮತ್ತೆ ಸೂಜಿ ಎತ್ತಿಕೊಳ್ಳುವಳು. ಆಕೆಗೆ ಹೋಗಬೇಕಿತ್ತು. ಅದನ್ನು ಯಾರೂ ಕೇಳಲೂ ಇಲ್ಲ, ಆಕೆ ಹೇಳಲೂ ಇಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಅವಧಿಯನ್ನು ಹೇಳುವ ಪದವೇ ಎರಡು ಅರ್ಥದ್ದು. ವಿಚ್ಛೇದನವಾದ ಹೆಂಗಸು ಮೂರು 'ಕುರೂ' ಕಾಯಬೇಕು. ಆ ಪದಕ್ಕೆ ಮುಟ್ಟು ಎಂದೂ ಅರ್ಥ, ಎರಡು ಮುಟ್ಟಿನ ನಡುವಿನ ಶುದ್ಧ ದಿನಗಳು ಎಂದೂ ಅರ್ಥ. ಒಂದೇ ಪದ ಒಂದು ಸ್ಥಿತಿಗೂ ಅದರ ವಿರುದ್ಧಕ್ಕೂ ಸಲ್ಲುತ್ತದೆ ಎಂದು ಅಪ್ಪ ಬೆರಗಿನಿಂದ ಹೇಳಿದ. ಶುದ್ಧ ದಿನ ಎಂದು ಹಿಡಿದರೆ ಮೂರನೆಯ ಮುಟ್ಟು ಶುರುವಾದ ಗಳಿಗೆಗೇ ಕಾಲ ಮುಗಿಯಿತು. ಮುಟ್ಟು ಎಂದು ಹಿಡಿದರೆ ಆ ಮೂರನೆಯದು ನಿಂತು, ಆಕೆ ಸ್ನಾನ ಮಾಡುವವರೆಗೂ ಕಾಲವಿದೆ. ನಮ್ಮವರು ನಡೆಸುವುದು ಎರಡನೆಯದು.

"ನೋಡು, ಇನ್ನೂ ನಾಕಾರು ದಿನ ಹೆಚ್ಚು ಸಿಗತಾವ ಆ ಹುಡುಗಗ," ಎಂದ ಅಪ್ಪ. "ನೀ ಕೇಳತಿದ್ದೆಲ್ಲ ಒಂದೇ ಅರ್ಥ ಯಾಕ ಇಡಲಿಲ್ಲಂತ. ಇದಕ್ಕ."

ನಂಬಿಕೆಯಿಲ್ಲದವನಾದರೂ ಆ ನಾಲ್ಕಾರು ದಿನ ನನಗೂ ಬೇಕಾಗಿದ್ದವು.

ಲೆಕ್ಕ ಇಟ್ಟವಳು ಅವ್ವ. ಅಪ್ಪನಿಗೆ ನೇರ ಹೇಳುತ್ತಿರಲಿಲ್ಲ. ಅಕ್ಕಿ ಆರಿಸುತ್ತ, ತಲೆ ಎತ್ತದೆ, "ಮೊದಲನೇದು ಹೋತು," ಎನ್ನುವಳು. ಅಪ್ಪ ಬಿಲ್ಲಿನ ದಾರವನ್ನು ನೋಡುತ್ತ "ಹ್ಞೂಂ" ಎನ್ನುವನು. ಎರಡನೆಯದೂ ಹೋಯಿತು. ಕೋಸಗಿಯಿಂದ ಯಾರೂ ಬರಲಿಲ್ಲ. ಆಮೇಲೆ ಪೆದ್ದಕಡುಬೂರಿನಲ್ಲಿ ಅವ್ವನ ತಮ್ಮ ಜ್ವರದಿಂದ ಮೇಲೇಳುವುದಿಲ್ಲವೆಂದು ಸುದ್ದಿ ಬಂದು ಅವ್ವ ಹೊರಟಳು. ಬಸ್ಸು ಹತ್ತುವಾಗ ಅಪ್ಪನಿಗೆ ಮೆಲ್ಲಗೆ, "ಮೂರನೇದು ಸುರುವಾಗೈತಿ. ಆಂವ ಬಂದ್ರ ಕಳಿಸಿಬಿಡ್ರಿ, ನನ್ನ ದಾರಿ ಕಾಯಬ್ಯಾಡ್ರಿ," ಎಂದಳು.

ಅವ್ವ ಹೋದ ಎರಡು ಮೂರು ದಿನಕ್ಕೆ, ಮಂಡಿ ನೋವೆಂದು ಅಪ್ಪ ಸಂಜೆಯ ನಮಾಜಿಗೆ ಮಸೀದಿಗೆ ಹೋಗದೆ ಮುಂದಿನ ಅಂಕಣದಲ್ಲೇ ಮುಗಿಸಿದ. ಎದ್ದು ತಿರುಗಿದಾಗ ನಡುಮನೆಯಲ್ಲಿ ಅಕ್ಕ ಕಂಡಳು. ತಲೆತುಂಬ ಸೆರಗು, ಚಾಪೆಯ ಮೇಲೆ ಕೂತಿದ್ದಾಳೆ, ಕೈಯಲ್ಲಿ ಜಪದ ಮಣಿ, ತುಟಿ ಅಲುಗುತ್ತಿದೆ. ನಾನೂ ನೋಡಿದೆನೆಂದು ನನ್ನ ನೆನಪು. ಹಸಿರು ಅಂಚಿನ ಸೀರೆ. ಆದರೆ ಆ ಹಸಿರು ಅಂಚಿನ ಸೀರೆ ಅವ್ವ ಆಕೆಗೆ ಕೊಟ್ಟದ್ದು ಎಷ್ಟೋ ವರ್ಷದ ಮೇಲೆ. ಹಾಗಾಗಿ ನಾನು ನೋಡಿದೆನೋ, ಅಪ್ಪ ಹೇಳಿದ್ದಕ್ಕೆ ಸೀರೆ ಉಡಿಸಿದೆನೋ ತಿಳಿಯದು. ಅಪ್ಪನ ಮುಖ ಇಳಿದದ್ದು ಮಾತ್ರ ನೋಡಿದ್ದೇನೆ.

"ಮುಗೀತು," ಎಂದ. "ಆಕಿ ನಮಾಜಿಗೆ ಕೂತಾಳ. ಸ್ನಾನ ಆಗೈತಿ ಅಂದಂಗ."

ಮರುದಿನ ಬೆಳಗಿನ ಗಾಡಿಗೆ ಭಾವ ಬಂದ. ಜತೆಗೆ ಅವನ ದೊಡ್ಡಪ್ಪ, ಬಾಯಿಗೆ ಬಿಡುವಿಲ್ಲದ ಮನುಷ್ಯ.

"ಏಂ ಬೀಗಾ, ಅರಬ್ಬಿ ಪಂಡಿತಾ! ಬಿಲ್ಲು ಇನ್ನೂ ಐತೋ, ಮಾರಿಬಿಟ್ಟಿಯೋ?" ಎಂದು ಬಾಗಿಲಲ್ಲೇ ಅಪ್ಪನನ್ನು ಕೆಣಕಿದ.

"ಐತಿ ಬಾ. ನಿನ್ನ ನಾಲಿಗಿ ಹಿಂಜಾಕ ಇಟ್ಟೀನಿ."

ನಕ್ಕರು. ಅಕ್ಕ ಒಳಗೆ ಬೆಲ್ಲದ ಚಹಾ ಕಾಯಿಸಿ ಬಾಗಿಲ ಬಳಿ ಇಟ್ಟಳು, ನಾನು ತಂದುಕೊಟ್ಟೆ. ದೊಡ್ಡಪ್ಪ ವಿಷಯಕ್ಕೆ ಬಂದ. "ಹುಡುಗನ ಬಾಯಿ ಜಾರೈತಿ. ಒಂದೇ ಸಲ ಅಂದಾನ, ದಾರಿ ಐತಿ ಅಂತ ನೀನೇ ಹೇಳಿ ಕಳಿಸಿದ್ದಿ. ಕರ್ಕೊಂಡು ಹೋಗ್ತೀವಿ."

ಅಪ್ಪ ಚಹಾದ ಲೋಟ ಕೆಳಗಿಟ್ಟ. ಆಮೇಲೆ, "ದಾರಿ ಇತ್ತಪ. ನಿನ್ನಿಗೆ ಮುಚ್ಚಿತು," ಎಂದ. "ಆ ಪದಕ್ಕ ಎರಡು ಅರ್ಥ ಮಾಡ್ತಾರ. ಒಂದು ಹಿಡದ್ರ ಮೊದಲ ಮುಗದಿತ್ತು. ಇನ್ನೊಂದು ಹಿಡದು ನಿಮ್ಮ ಸಲುವಾಗಿ ಕಾದೆ. ನಿನ್ನೆ ಸಂಜೀಕ ಆಕಿ ನಮಾಜಿಗೆ ಕೂತಿದ್ಲು, ನಾನೇ ನೋಡೀನಿ. ಈಗ ಯಾವ ಅರ್ಥ ಹಿಡದ್ರೂ ಮುಗದೈತಿ."

"ನಿನ್ನೆ ಅಂತಾನ ನೋಡು! ಗಾಡಿ ಒಂದು ದಿನ ತಡಾ ಆದಂಗ. ಅಷ್ಟಕ್ಕ ಏನಾತೀಗ?"

"ಏನೂ ಆಗಿಲ್ಲ. ಹೊಸದಾಗಿ ನಿಕಾ ಮಾಡೋಣು. ಇವತ್ತೇ ಮಾಡೋಣು."

ದೊಡ್ಡಪ್ಪನ ನಗು ನಿಂತಿತು. "ಇದ್ದ ಹೆಂಡ್ತಿಗೇ ಎರಡನೇ ಸಲ ಹಾರ ಹಾಕ್ಕೊಂಡು ಹೋಗಿ ಕೋಸಗಿ ಟೇಷನ್ನಿನಾಗ ಇಳಿಬೇಕೇನು? ಗೇಟು ಕಾಯೋನೂ ನಗತಾನ. ನೀನು ಅರಬ್ಬಿ ಕಲ್ತಿದ್ದಕ್ಕ ನಮ್ಮ ಮಾನ ಯಾಕ ಹೋಗಬೇಕು?"

ಆಗ ಭಾವ ಬಾಯಿಬಿಟ್ಟ. "ಮಾವಾ, ಆಕೀನ ಒಂದು ಮಾತು ಕೇಳ್ರಿ."

"ಏನಂತ ಕೇಳ್ಲೆಪ?" ಎಂದ ಅಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. "ತಂದಿ ಮಗಳಿಗೆ ಅದನ್ನ ಕೇಳ್ತಾನೇನು?"

ಈ ವಿಷಯದಲ್ಲಿ ಹೆಂಗಸಿನ ಮಾತೇ ಸಾಕ್ಷಿ, ಆಕೆ ಹೇಳಿದ್ದೇ ಕೊನೆ ಎಂದು ನನಗೆ ಕಲಿಸಿದವನೇ ಅಪ್ಪ. ಗೊತ್ತಿದ್ದೂ ಕೇಳಲಾರದೆ ಕೂತ. ಒಳಗೆ ಸೌಟು ಕೆಳಗಿಟ್ಟ ಸದ್ದಾಯಿತು. ಅಕ್ಕ ಬಾಗಿಲವರೆಗೆ ಬಂದು ನಿಂತದ್ದು, ಆಕೆಯ ಕಾಲ ಬೆರಳು ಹೊಸ್ತಿಲ ಹಿಂದೆ ಕಂಡದ್ದು ನನ್ನ ಕಣ್ಣಲ್ಲಿದೆ. ಆದರೆ ನಮ್ಮ ಹೊಸ್ತಿಲು ಎತ್ತರದ್ದು. ನಾನು ಕೂತ ಜಾಗದಿಂದ ಯಾರ ಕಾಲೂ ಕಾಣುವಂತಿರಲಿಲ್ಲ. ಆ ಬೆರಳುಗಳನ್ನು ನಾನು ಎಲ್ಲಿಂದ ತಂದೆನೋ.

"ನಡಿ," ಎಂದು ದೊಡ್ಡಪ್ಪ ಎದ್ದ. ಭಾವ ಒಳಬಾಗಿಲ ಕಡೆ ನೋಡಿದ. ಕರೆಯಬಹುದಿತ್ತು. ಉಳಿದ ಚಹಾ ಕುಡಿದು, ಲೋಟ ನೆಲಕ್ಕಿಟ್ಟು, "ಗಾಡಿಗೆ ಹೊತ್ತಾತು ಮಾವಾ," ಎಂದ. ಒಳಗೆ ಕೇಳುವಷ್ಟು ಗಟ್ಟಿಯಾಗಿಯೇ ಅಂದ. ಹೋದರು.

ಮಾರನೆಯ ಮಧ್ಯಾಹ್ನ ಅವ್ವ ಬಂದಳು. ತಮ್ಮನ ಜ್ವರ ಇಳಿದಿತ್ತು, ನಗುತ್ತಲೇ ಬಂದಳು. ನಡೆದದ್ದನ್ನು ಅಪ್ಪ ಹೇಳುತ್ತಿದ್ದಂತೆ ಕೈಯ ಗಂಟು ಕೆಳಗಿಟ್ಟು ಅಲ್ಲೇ ನಿಂತಳು.

"ಯಾರು ಹೇಳಿದ್ರು ಮುಗೀತಂತ?"

"ನಾನೇ ನೋಡಿದೆ. ಚಾಪಿ ಮ್ಯಾಲ ಕೂತಿದ್ಲು."

"ಚಾಪಿ ಮ್ಯಾಲ ನಾನೂ ಕೂಡ್ತೀನಿ," ಎಂದಳು ಅವ್ವ. "ತಿಂಗಳ ತುಂಬಾ ಕೂಡ್ತೀನಿ. ಇವತ್ತು ನನಗ ನಮಾಜು ಇಲ್ಲ ಅಂತ ಗಂಡಸರ ಮುಂದ, ಬೆಳೆದ ಮಗನ ಮುಂದ ಹೆಂಗ ತೋರಸ್ಲಿ? ಛಪ್ಪರದಾಗ ಕೂಡೋದು ಬಿಡಿಸಿದ್ರಿ. ಚಲೋ ಮಾಡಿದ್ರಿ. ಅಲ್ಲಿ ಕೂತ್ರ ಊರಿಗೇ ಗೊತ್ತಾಗತಿತ್ತು. ಇಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಚಾಪಿ ಮ್ಯಾಲ ಕೂಡಾಕ ಹತ್ತಿದಿವಿ. ಸುಮ್ಮನ ತುಟಿ ಅಲುಗಾಡಸೋದು, ಮಣಿ ತಿರುವೋದು. ಮಗಳಿಗೂ ಅದನ್ನೇ ಕಲಿಸೀನಿ."

"ಇಷ್ಟು ವರ್ಷಾ?"

"ಇಷ್ಟು ವರ್ಷ. ಒಂದಿನಾ ಕೇಳಿದ್ರೇನು ನೀವು?"

ಅಪ್ಪ ಬಿಲ್ಲಿನ ಪಕ್ಕ ಕೂತ. ದಾರ ಅವನ ಭುಜ ತಗಲಿ ಸಣ್ಣಗೆ ಮಿಡಿಯಿತು. ಎಷ್ಟೋ ವರ್ಷಗಳಿಂದ ಕಣ್ಣೆದುರು ಕಂಡದ್ದೆಲ್ಲ ಅವನ ತಲೆಯಲ್ಲಿ ಮತ್ತೆ ಬರುತ್ತಿರಬೇಕು. ಯಾವ ದಿನ ನಮಾಜು, ಯಾವ ದಿನ ಬರೀ ಕೂತದ್ದು. ಪುಸ್ತಕದ ಪದವನ್ನು ಎರಡೂ ಕಡೆಯಿಂದ ಬಿಡಿಸಿ ನೋಡಿದವನು ನಡುಮನೆಯಲ್ಲಿ ಕೂತ ಮಗಳನ್ನು ಒಂದೇ ಕಡೆಯಿಂದ ನೋಡಿದ್ದ. ಆಮೇಲೆ ತಟ್ಟನೆ ಎದ್ದ. ಮಂಡಿ ನೋವು ಇದ್ದಂತೆಯೇ ಕಾಣಲಿಲ್ಲ.

"ಹಂಗಾದ್ರ ಮುಗದಿಲ್ಲ! ಇನ್ನೂ ಕಾಲ ಐತಿ. ಸಂಜೀ ಗಾಡಿಗೆ ಕೋಸಗಿಗೆ ಹೋಗ್ತೀನಿ. ತಪ್ಪು ನಂದು ಅಂತೀನಿ, ಅವನ ದೊಡ್ಡಪ್ಪನ ಕಾಲು ಬೇಕಾದ್ರೂ ಹಿಡೀತೀನಿ. ಆಂವ ಅಲ್ಲೇ ಕೂತು ಮರಳಿ ತಗೊಂಡೆ ಅಂದ್ರ ಸಾಕು. ನನ್ನ ಟೋಪಿ ಎಲ್ಲೈತಿ?"

ನಾನೇ ಟೋಪಿ ತಂದುಕೊಟ್ಟೆ. ಅವ್ವ ರೊಟ್ಟಿ ಕಟ್ಟಲು ಒಳಗೆ ಹೋದಳು. ಅಕ್ಕ ಅಡಿಗೆಮನೆಯಲ್ಲಿ ಇರಲಿಲ್ಲ. ಹಿತ್ತಲ ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಕೇಳಿತು. ಅಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದಾಗ ಆಕೆ ಬಂದಳು. ಕೂದಲು ಬಿಚ್ಚಿತ್ತು, ಒದ್ದೆಯಾಗಿತ್ತು, ರವಿಕೆಯ ಬೆನ್ನು ನೆನೆದಿತ್ತು. ಗಂಡಸರು ಕೂರುವ ಮುಂದಿನ ಅಂಕಣದವರೆಗೂ ಬಂದಳು.

"ಅಪಾ, ಹೋಗಬ್ಯಾಡ."

ಅಪ್ಪ ಆಕೆಯ ಕೂದಲು ನೋಡಿದ. ಕೊನೆಗೂ ಕೇಳಿದ. "ಮುಗದೈತೇನವ್ವಾ?"

"ಮುಗೀತಪ."

ಅವ್ವ ಅಡಿಗೆಮನೆಯ ಬಾಗಿಲಲ್ಲಿ ರೊಟ್ಟಿಯ ಬಟ್ಟೆ ಹಿಡಿದು ನಿಂತಿದ್ದಳು. ಮಗಳ ಮುಖವನ್ನೇ ನೋಡಿದಳು.

"ಖರೇನವ್ವಾ?" ಎಂದ ಅಪ್ಪ.

"ಗಾಡಿಗೆ ಹೊತ್ತಾತು ಅಂತ ಹೋದ್ರಲ್ಲ," ಎಂದಳು ಅಕ್ಕ. "ಹೋಗ್ಲಿ ಬಿಡು."

ಆಕೆಯ ಮಾತಿನ ಮುಂದೆ ಯಾವ ಪಂಡಿತನ ಅರ್ಥವೂ ನಿಲ್ಲದೆಂದು ಅಪ್ಪನಿಗೆ ಗೊತ್ತಿತ್ತು. ಚಪ್ಪಲಿ ಬಿಟ್ಟ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೂತ. ಸಂಜೆಯ ಗಾಡಿ ಕೂಗಿಕೊಂಡು ಹೋಗುವವರೆಗೂ ಕೂತೇ ಇದ್ದ. ಅಕ್ಕ ಚಾಪೆ ಹಾಸಿದಳು. ಅವತ್ತು ನಮಾಜು ಮಾಡಿದಳೋ ಬರೀ ಕೂತಳೋ, ನಾನು ನೋಡಲಿಲ್ಲ.

ಆ ಬೇಸಿಗೆಯಲ್ಲೇ ಭಾವ ಚಿಪ್ಪಗಿರಿ ಕಡೆಯ ಹುಡುಗಿಯನ್ನು ಮಾಡಿಕೊಂಡ ಸುದ್ದಿ ಬಂತು. ಅಕ್ಕನಿಗೆ ಬಂದ ಬೇರೆ ಮಾತುಗಳನ್ನು ಆಕೆ ಒಪ್ಪಲಿಲ್ಲ. ಅಪ್ಪ ಹಿಂಜಿದ ಹತ್ತಿಗೆ ಗಾದಿ ಹೊಲಿಯುತ್ತ ಆ ಮನೆಯಲ್ಲೇ ಉಳಿದಳು. ಅಪ್ಪ ಓದುವುದನ್ನು ಬಿಡಲಿಲ್ಲ, ಆದರೆ ನನ್ನ ಜತೆ ಪದಗಳ ಮಾತು ನಿಂತಿತು. ನಾನು ಕೆಣಕಿದರೂ, "ಮೌಲ್ವಿಗಳನ್ನ ಕೇಳು," ಎನ್ನುವನು. ಒಂದು ದಿನ ಗಾದಿಗೆಂದು ತಂದಿದ್ದ ಪಟ್ಟೆಬಟ್ಟೆಯಲ್ಲಿ ತಾನೇ ಒಂದು ಪರದೆ ಹೊಲಿದು ನಡುಮನೆಯ ಬಾಗಿಲಿಗೆ ಕಟ್ಟಿದ. ಅದರಾಚೆ ಚಾಪೆಯ ಮೇಲೆ ಯಾರು ಇದ್ದಾರೆ, ಯಾರು ಇಲ್ಲ, ಗಂಡಸರಿಗೆ ಕಾಣುತ್ತಿರಲಿಲ್ಲ. ಒಳಗೆ ಹೋಗಬೇಕಾದರೆ ಕೆಮ್ಮಿ, "ಬರ್ಲೇನವ್ವಾ?" ಎಂದು ಕೇಳಿ ಹೋಗುತ್ತಿದ್ದ. ಸಾಯುವವರೆಗೂ ಹಾಗೇ ಮಾಡಿದ.

ಎಷ್ಟೋ ವರ್ಷದ ಮೇಲೆ, ಅಪ್ಪ ಹೋದ ನಂತರ, ಅವ್ವನನ್ನು ಕೇಳಿದೆ. ಅವತ್ತು ಅಕ್ಕ ಹೇಳಿದ್ದು ನಿಜವೇ? ನಿಜವಾಗಿ ಮುಗಿದಿತ್ತೇ?

"ನನಗೇನು ಗೊತ್ತು," ಎಂದಳು ಅವ್ವ.

"ತಲಿಗೆ ನೀರು ಹಾಕ್ಕೊಂಡು ಬಂದಿದ್ಲಲ್ಲ. ಕೂದಲು ಹಸಿ ಇತ್ತು."

ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. "ಕೂದಲು ಎಲ್ಲಿ ಹಸಿ ಇತ್ತೋ? ಹೆಣಲು ಹಾಕಿದ್ದು ಹಂಗೇ ಇತ್ತು. ಅವತ್ತು ಆಕಿ ನೀರೇ ಹಾಕ್ಕೊಂಡಿರಲಿಲ್ಲ."

ನನಗೆ ಆ ನೆನೆದ ರವಿಕೆ ಈಗಲೂ ಕಾಣುತ್ತದೆ. ಅವ್ವನಿಗೂ ಅಷ್ಟೇ ಸ್ಪಷ್ಟವಾಗಿ ಒಣಗಿದ ಜಡೆ ಕಾಣುತ್ತಿತ್ತು. ನಮ್ಮಿಬ್ಬರಲ್ಲಿ ಒಬ್ಬರು ತಮಗೆ ಬೇಕಾದ ಅಕ್ಕನನ್ನು ನೆನಪಿಟ್ಟುಕೊಂಡಿದ್ದಾರೆ.

ಪರದೆಯ ಆಚೆ ಅಕ್ಕ ಗಾದಿ ಹೊಲಿಯುತ್ತ ಕೂತಿದ್ದಳು, ನಾವಾಡಿದ್ದು ಕೇಳಿಸಿರಬೇಕು. ಕೆಮ್ಮಿ ಒಳಗೆ ಹೋದೆ. ಕೇಳುವುದು ಹೇಗೆಂದು ತಿಳಿಯದೆ ನಿಂತೆ. ಆಕೆ ತಲೆ ಎತ್ತದೆ ದಪ್ಪ ಸೂಜಿಗೆ ದಾರ ಪೋಣಿಸುತ್ತ, "ಅಪ್ಪ ಕೇಳಿದ, ನಾ ಹೇಳಿದೆ," ಎಂದಳು. "ನೀ ಅಲ್ಲೇ ಇದ್ದೆಲ್ಲ."